ಮೊದಲು ನೀವು ಹೇಳಿ

ಓನ್ಸಿ ಶಾಲೆಗೆ ಸೇರಿದ ಮೊದಲ ವರ್ಷ ಬಾಯಿ ಬಿಟ್ಟವಳೇ ಅಲ್ಲ. ಹಾಜರಿ ಕೂಗಿದರೆ ಕೈ ಎತ್ತುವಳು, ಬೈದರೆ ನೆಲ ನೋಡುವಳು, ಮಧ್ಯಾಹ್ನ ಬುಟ್ಟಿಯಲ್ಲಿದ್ದ ಅಂಟು ಅನ್ನ ತಿಂದು ಮೂಲೆ ಸೇರುವಳು. ಗುಡ್ಡದ ಮೇಲಿನ ಹಳ್ಳಿ ಬಿಟ್ಟು ರಸ್ತೆ ಬದಿಗೆ ಇಳಿದು ಬಂದ ಖಮು ಜನರ ಕೇರಿಯ ಹುಡುಗಿ. ಅಪ್ಪ ಅಮ್ಮ ಇಬ್ಬರೂ ಗಡಿಯ ಕಡೆ ರಬ್ಬರ್ ತೋಟದಲ್ಲಿ ಕೂಲಿ; ಸಾಕುವವಳು ಅಜ್ಜಿ. ಮನೆಯಲ್ಲಿ ಖಮು ಮಾತು, ಶಾಲೆಯಲ್ಲಿ ಸರ್ಕಾರದ ಲಾವೋ ಮಾತು. ಒಂದನ್ನು ಬಾಗಿಲಾಚೆ ಬಿಟ್ಟು ಬಂದವಳಿಗೆ ಇನ್ನೊಂದು ಕೈಗೆ ಸಿಕ್ಕಿರಲಿಲ್ಲ. "ಪಾಪ, ಮೂಗಿ ಇರಬೇಕು" ಎಂದು ಉಳಿದ ಮೇಷ್ಟ್ರುಗಳು ಅವಳ ಆಸೆ ಬಿಟ್ಟಿದ್ದರು.

ಅವಳ ಬಾಯಿ ಬಿಡಿಸಿದ್ದು ಬುವಾಲಿ ಟೀಚರಮ್ಮ, ಅದೂ ಒಂದು ಎಮ್ಮೆಗರುವಿನ ಪುಸ್ತಕ ಹಿಡಿದು. ಈ ವಿಷಯದಲ್ಲಿ ಬುವಾಲಿಗೆ ಬಲು ಹೆಮ್ಮೆ. ಹದಿನಾರು ವರ್ಷದ ನೌಕರಿಯಲ್ಲಿ ಹೆಮ್ಮೆಪಡುವಂಥದ್ದು ಅವಳಿಗೆ ಬೇರೇನೂ ಸಿಕ್ಕಿರಲಿಲ್ಲ, ಹಾಗಾಗಿ ತಪ್ಪೆನ್ನುವಂತೆಯೂ ಇಲ್ಲ. ಆದರೆ ಆ ಹುಡುಗಿಗೆ ಮುಂದೆ ಬಂದ ಕಷ್ಟಕ್ಕೆ ಆ ಹೆಮ್ಮೆಯೇ ಬಾಗಿಲು ತೆರೆದದ್ದು ಎಂಬುದೂ ಸುಳ್ಳಲ್ಲ.

ಶಾಲೆಯ ಗ್ರಂಥಾಲಯ ಎಂದರೆ ಹಿತ್ತಲಲ್ಲಿ ಗುದ್ದಲಿ ಸಲಿಕೆ ಇಡುತ್ತಿದ್ದ ಕೋಣೆ. ಮೂರು ವರ್ಷದ ಹಿಂದೆ ನಾಮ್ ಊ ಹೊಳೆಯ ದೋಣಿಯಲ್ಲಿ ಒಂದು ತಗಡಿನ ಪೆಟ್ಟಿಗೆ ಬಂದಿಳಿದಾಗ ಗುದ್ದಲಿಗಳು ಹೊರಗೆ ಹೋದವು. ಪೆಟ್ಟಿಗೆಯಲ್ಲಿ ನಲವತ್ತಮೂರು ಚಿತ್ರದ ಪುಸ್ತಕಗಳು, ಎಲ್ಲವೂ ಒಂದೊಂದೇ ಪ್ರತಿ. ಮಕ್ಕಳು ಅರವತ್ತಕ್ಕೂ ಮೇಲೆ. ಒಂದು ಪುಸ್ತಕವನ್ನು ಅರವತ್ತು ಮಂದಿ ಓದುವುದು ಹೇಗೆ? ಬುವಾಲಿ ತನಗೆ ಗೊತ್ತಿದ್ದ ದಾರಿ ಹಿಡಿದಳು. ಅವಳಿಗೆ ಕಲಿಸಿದವರೂ, ಅವರಿಗೆ ಕಲಿಸಿದವರೂ ಹಿಡಿದಿದ್ದ ದಾರಿಯೇ ಅದು. ಪ್ರತಿ ಮಂಗಳವಾರ ಮಕ್ಕಳನ್ನು ಚಾಪೆಯ ಮೇಲೆ ಕೂರಿಸಿ, ಚಿತ್ರ ಅವರ ಕಡೆ ಬರುವಂತೆ ಪುಸ್ತಕವನ್ನು ಎದೆಗೆ ಆನಿಸಿ ಹಿಡಿದು, ಒಂದು ಸಾಲು ಹೇಳುವಳು. ಮಕ್ಕಳೆಲ್ಲ ಒಟ್ಟಿಗೆ ಅದನ್ನೇ ಕೂಗುವರು. ಇನ್ನೊಂದು ಸಾಲು, ಇನ್ನೊಂದು ಕೂಗು. ಆಚೆ ದಡದಲ್ಲಿ ಬಟ್ಟೆ ಒಗೆಯುವ ಹೆಂಗಸರಿಗೂ ಕತೆ ಕೇಳಿಸುತ್ತಿತ್ತು.

ಪುಸ್ತಕದ ಮುಖ ಮಕ್ಕಳ ಕಡೆ ಇದ್ದುದರಿಂದ ಬುವಾಲಿಗೆ ಅಕ್ಷರ ಕಾಣುತ್ತಿರಲಿಲ್ಲ. ಕಾಣಬೇಕಾಗಿಯೂ ಇರಲಿಲ್ಲ, ನಲವತ್ತಮೂರೂ ಅವಳಿಗೆ ಬಾಯಿಪಾಠವಾಗಿದ್ದವು. ಇದರಲ್ಲಿ ಏನೋ ಐಬಿದೆ ಎಂದು ಯಾರಿಗೂ ಹೊಳೆದಿರಲಿಲ್ಲ. ಮಕ್ಕಳು ಗಂಟಲು ಕಿತ್ತುಹೋಗುವ ಹಾಗೆ ಹೇಳುತ್ತಿದ್ದರೆ ಓದು ಚೆನ್ನಾಗಿ ನಡೆಯುತ್ತಿದೆ ಎಂದೇ ಎಲ್ಲರ ನಂಬಿಕೆ.

ಎಮ್ಮೆಗರುವಿನ ಪುಸ್ತಕ ಎಂಟೇ ಹಾಳೆಯದು. ನೀರಿಗೆ ಹೆದರುವ ಕರು, ಕರೆಯುವ ಹೊಳೆ, ಆಚೆ ದಡದಲ್ಲಿ ನಿಂತ ತಾಯಿ. ಒಂದು ಮಂಗಳವಾರ ಬುವಾಲಿ ಅದನ್ನು ಓದಿಸುತ್ತ ನಾಲ್ಕನೆಯ ಹಾಳೆಗೆ ಬಂದು ನೀರು ಕುಡಿಯಲು ನಿಂತಳು. ಆಗ ಮೂಲೆಯಿಂದ ಒಂದು ಸಣ್ಣ ದನಿ ಮುಂದಿನ ಸಾಲು ಹೇಳಿತು: "ಹೊಳೆ ಕೇಳಿತು, ಏ ಕರು, ಯಾಕೆ ನಿಂತೆ?" ಮಕ್ಕಳೆಲ್ಲ ತಿರುಗಿ ನೋಡಿದರು. ಹೇಳಿದವಳು ಓನ್ಸಿ. ಬುವಾಲಿಯ ಕಣ್ಣು ತುಂಬಿ ಬಂದು ಕನ್ನಡಕ ಮಸುಕಾಯಿತು.

ಅಂದಿನಿಂದ ಹುಡುಗಿ ಗ್ರಂಥಾಲಯ ಬಿಟ್ಟು ಅಲ್ಲಾಡಲಿಲ್ಲ. ಗುಡಿಸುವವಳು ಅವಳೇ, ಚಾಪೆ ಹಾಸುವವಳು ಅವಳೇ. ಎರಡನೆಯ ವರ್ಷ ಮುಗಿಯುವ ಹೊತ್ತಿಗೆ ಒಂದನೇ ಕ್ಲಾಸಿನ ಚಿಳ್ಳೆಪಿಳ್ಳೆಗಳನ್ನು ಕೂರಿಸಿಕೊಂಡು ತಾನೇ ಓದಿಸತೊಡಗಿದಳು. ಪುಸ್ತಕ ಹಿಡಿಯುವ ರೀತಿ ಬುವಾಲಿಯದು, ದನಿ ಎಳೆಯುವ ರೀತಿ ಬುವಾಲಿಯದು, ಹಾಳೆ ತಿರುವುವ ಮುಂಚೆ ಒಂದು ಗಳಿಗೆ ನಿಲ್ಲುವ ರೀತಿಯೂ ಬುವಾಲಿಯದು. ಬುವಾಲಿ ಹಾಳೆ ತಿರುವುವಾಗ ಜಾರಿದ ಕನ್ನಡಕವನ್ನು ಬೆರಳಿನಿಂದ ಮೇಲಕ್ಕೆ ತಳ್ಳುತ್ತಿದ್ದಳು. ಕನ್ನಡಕವೇ ಇಲ್ಲದ ಓನ್ಸಿಯೂ ಅಲ್ಲಿಗೆ ಬಂದಾಗ ಬೆರಳನ್ನು ಮೂಗಿನ ಮೇಲೆ ಇಟ್ಟು ತಳ್ಳುವಳು.

"ನೋಡ್ರೀ, ನಿಮ್ಮ ಮರಿ!" ಎಂದು ಹೆಡ್‌ಮೇಷ್ಟ್ರು ಸೊಮ್ದಿ ನಗುತ್ತಿದ್ದರು. "ನೀವು ರಜಾ ಹಾಕಿದ್ರೂ ಪರವಾಗಿಲ್ಲ, ಇನ್ನೊಬ್ಬ ಬುವಾಲಿ ಇದ್ದಾಳಲ್ಲ."

ಬುವಾಲಿಗೆ ಈ ಮಾತು ಎಷ್ಟು ಸಲ ಕೇಳಿದರೂ ಸಾಕೆನಿಸುತ್ತಿರಲಿಲ್ಲ.

ಓನ್ಸಿ ಮೂರನೇ ಕ್ಲಾಸಿಗೆ ಬಂದ ವರ್ಷ ಜಿಲ್ಲೆಯ ಓದುವ ಸ್ಪರ್ಧೆಯ ಕಾಗದ ಬಂತು. ಶಾಲೆಗೆ ಒಂದು ಮಗು. ಪ್ರತಿ ವರ್ಷವೂ ಹೊಳೆಯ ದಡದ ಲಾವೋ ಮನೆಗಳಿಂದಲೇ ಯಾರಾದರೂ ಹೋಗುತ್ತಿದ್ದರು, ಸೋತು ಬರುತ್ತಿದ್ದರು. ಈ ಸಲ ಬುವಾಲಿ ಓನ್ಸಿಯ ಹೆಸರು ಹೇಳಿದಾಗ ಸೊಮ್ದಿ ಮೇಷ್ಟ್ರು ಹುಬ್ಬೇರಿಸಿದರು.

"ಆ ಗುಡ್ಡದವಳನ್ನಾ? ಮನೇಲಿ ಲಾವೋ ಮಾತೇ ಆಡಲ್ವಲ್ರೀ ಅವರು."

"ನೀವೇ ಓದಿಸಿ ನೋಡಿ ಸಾರ್. ಆಮೇಲೆ ಮಾತಾಡಿ."

ಮೇಷ್ಟ್ರು ಗ್ರಂಥಾಲಯಕ್ಕೆ ಬಂದು ಕಪಾಟಿನಿಂದ ಕಣ್ಣುಮುಚ್ಚಿ ಒಂದು ಪುಸ್ತಕ ಎಳೆದು ಕೊಟ್ಟರು. ಓನ್ಸಿ ನಿಂತು, ಪುಸ್ತಕ ಎದೆಗೆ ಆನಿಸಿ, ಒಂದು ಅಕ್ಷರವೂ ತಪ್ಪದ ಹಾಗೆ ಓದಿದಳು. ಇನ್ನೊಂದು ಕೊಟ್ಟರು, ಅದನ್ನೂ ಓದಿದಳು. ಮೇಷ್ಟ್ರು ಬೆರಗಾಗಿ, "ನಮ್ಮ ಸಾಹೇಬರ ಮಕ್ಕಳೂ ಹೀಗೆ ಓದಲ್ಲ ಬಿಡ್ರೀ" ಎಂದು ಅವತ್ತೇ ಹೆಸರು ಬರೆದು ಕಳಿಸಿದರು. ಎಳೆದ ಪುಸ್ತಕ ಯಾವುದೇ ಇರಲಿ, ಅದು ಆ ನಲವತ್ತಮೂರರಲ್ಲಿ ಒಂದು ಎಂಬುದು ಇಬ್ಬರಿಗೂ ಹೊಳೆಯಲಿಲ್ಲ.

ಸ್ಪರ್ಧೆಗೆ ಎರಡು ವಾರ ಇದ್ದಾಗ ಬುವಾಲಿಗೆ ಇದು ಹೊಳೆಯುವ ಅವಕಾಶ ಒಂದು ಬಂತು. ಇದನ್ನು ಮುಚ್ಚಿಡುವುದರಲ್ಲಿ ಅರ್ಥವಿಲ್ಲ. ಯಾವುದೋ ಮಗು ಊಟದ ಕೈಯಲ್ಲೇ ಎಮ್ಮೆಗರುವಿನ ಪುಸ್ತಕ ಮುಟ್ಟಿತ್ತು. ಅಂಟನ್ನ ಒಣಗಿದರೆ ಗೋಂದಿಗಿಂತ ಗಟ್ಟಿ; ಐದನೆಯ ಮತ್ತು ಆರನೆಯ ಹಾಳೆ ಒಂದಕ್ಕೊಂದು ಕಚ್ಚಿಕೊಂಡಿದ್ದವು. ಓನ್ಸಿ ಚಿಕ್ಕ ಮಕ್ಕಳಿಗೆ ಓದಿಸುತ್ತ ಎರಡನ್ನೂ ಒಟ್ಟಿಗೆ ತಿರುವಿದಳು. ಚಿತ್ರದಲ್ಲಿ ಕರು ಆಗಲೇ ತಾಯಿಯ ಪಕ್ಕ ನಿಂತು ಮೈ ಒದರುತ್ತಿತ್ತು. ಓನ್ಸಿ ಮಾತ್ರ, "ಕರು ಕಣ್ಣು ಮುಚ್ಚಿತು, ಒಂದು ಕಾಲು ನೀರಿಗೆ ಇಟ್ಟಿತು" ಎಂದು ಅಂಟಿಕೊಂಡ ಹಾಳೆಯೊಳಗಿನ ಸಾಲನ್ನೇ ಹೇಳುತ್ತಿದ್ದಳು.

ಬಾಗಿಲಲ್ಲಿ ನಿಂತಿದ್ದ ಬುವಾಲಿಗೆ ಅದು ಕೇಳಿಸಿತು. ಅವಳು ಒಳಗೆ ಬಂದು ಪುಸ್ತಕ ಇಸಿದುಕೊಂಡು, ಉಗುರಿನಿಂದ ಹಾಳೆ ಬಿಡಿಸಿ, ವಾಪಸು ಕೊಟ್ಟಳು. ಸಂಜೆ ಮನೆಗೆ ಹೋಗುತ್ತ, ನಾಳೆ ಹಲಗೆಯ ಮೇಲೆ ಹೊಸದಾಗಿ ನಾಲ್ಕು ಮಾತು ಬರೆದು ಓದಿಸಿ ನೋಡಬೇಕು ಎಂದುಕೊಂಡಳು. ನಾಳೆ ಬಂತು, ಮೇಷ್ಟ್ರು ಮೀಟಿಂಗಿಗೆ ಕರೆದರು. ನಾಡಿದ್ದು ಬಂತು, ಅಂದು ಮಳೆ. ಆಮೇಲೆ ಓನ್ಸಿಯ ಅಜ್ಜಿ ಯಾರಲ್ಲೋ ಬೇಡಿ ಒಂದು ಹೊಸ ಲಂಗ ತಂದಿದ್ದಾಳೆ ಎಂಬ ಸುದ್ದಿ ಬಂತು. ನೆಪಗಳಿಗೇನು ಕೊರತೆ? ಬುವಾಲಿಗೆ ಕೇಳಲು ಹೆದರಿಕೆಯಾಗಿತ್ತು, ಅಷ್ಟೇ. ಉತ್ತರ ಗೊತ್ತಾಗಿಬಿಟ್ಟರೆ ತನ್ನ ಮೂರು ವರ್ಷ ಎಲ್ಲಿ ಹೋದವು ಎಂದು ಹುಡುಕಬೇಕಾಗುತ್ತಿತ್ತು. ಸ್ಪರ್ಧೆಗೆ ಮಗು ತನ್ನದೇ ಪುಸ್ತಕ ತರಬಹುದು, ಪ್ರತಿ ವರ್ಷ ಹಾಗೇ ತಾನೇ ನಡೆದಿರುವುದು, ಎಂದು ತನಗೆ ತಾನೇ ಸಮಾಧಾನ ಹೇಳಿಕೊಂಡಳು.

ಹೊರಡುವ ಬೆಳಿಗ್ಗೆ ಕೇರಿಯವರು ಓನ್ಸಿಯ ಎರಡೂ ಮಣಿಕಟ್ಟಿಗೆ ಒಳ್ಳೆಯದಾಗಲೆಂದು ಬಿಳಿ ನೂಲು ಕಟ್ಟಿದರು. ಅಜ್ಜಿ ಬುವಾಲಿಗೂ ಒಂದು ಎಳೆ ಕಟ್ಟಿ, ತನ್ನ ಹರಕು ಮುರುಕು ಲಾವೋದಲ್ಲಿ, "ನಿನ್ನ ಕೈಗೆ ಕೊಟ್ಟೆ. ನಿನ್ನ ಕೈಯಿಂದಾನೇ ತಗೋತೀನಿ" ಎಂದಳು.

ದೋಣಿಯಲ್ಲಿ ಓನ್ಸಿಯ ಬಾಯಿಗೆ ಬಿಡುವೇ ಇರಲಿಲ್ಲ. "ಅಲ್ಲಿ ಮೈಕು ಇರುತ್ತಾ ಟೀಚರಮ್ಮಾ? ನಾನು ಓದಿದ್ರೆ ನಮ್ಮ ಅಜ್ಜಿಗೆ ಕೇಳಿಸುತ್ತಾ?"

"ಅಷ್ಟು ದೂರಕ್ಕಾ? ನಿನ್ನ ಗಂಟಲು ಇದೆಯಲ್ಲ, ಕೇಳಿಸಿದ್ರೂ ಕೇಳಿಸೀತು."

"ಹಂಗಾದ್ರೆ ಕರು ನೀರಿಗೆ ಇಳಿಯೋದನ್ನ ಇನ್ನೂ ಜೋರಾಗಿ ಹೇಳ್ತೀನಿ. ಅಜ್ಜಿಗೆ ಅದೇ ಇಷ್ಟ."

ಮೇಷ್ಟ್ರು ನಕ್ಕರು. ಬುವಾಲಿ ನೀರು ನೋಡುತ್ತ ಕೂತಳು.

ಜಿಲ್ಲಾ ಊರಿನ ಸಭಾಭವನದಲ್ಲಿ ಹನ್ನೊಂದು ಶಾಲೆಯ ಮಕ್ಕಳು, ಅವರ ಮೇಷ್ಟ್ರುಗಳು, ಊರಿನ ತಾಯ್ತಂದೆಯರು ಸೇರಿ ಕೂರಲು ಜಾಗವಿರಲಿಲ್ಲ. ಅಧಿಕಾರಿಗಳು ಮೈಕಿನ ಮುಂದೆ ನಿಂತು ಸಂತೋಷದ ಸುದ್ದಿ ಎಂದೇ ಶುರು ಮಾಡಿದರು. ಈ ವರ್ಷ ಹೊಸ ಚಿತ್ರದ ಪುಸ್ತಕಗಳು ಬಂದಿವೆ, ಪ್ರತಿ ಶಾಲೆಗೂ ಒಂದು ಕಟ್ಟು ಸಿಗಲಿದೆ, ಆದ್ದರಿಂದ ಮಕ್ಕಳು ಅದರಿಂದಲೇ ಓದಬೇಕು, ಯಾರೂ ಮೊದಲೇ ನೋಡಿರದಂಥದ್ದು. ಜನ ಚಪ್ಪಾಳೆ ತಟ್ಟಿದರು.

ಬುವಾಲಿ ಬಾಗಿಲ ಕಡೆ ನೋಡಿದಳು. ಹುಡುಗಿಗೆ ಜ್ವರ ಬಂದಿದೆ ಎನ್ನಬಹುದಿತ್ತು. ಹೊಟ್ಟೆನೋವು ಎಂದು ಕೈಹಿಡಿದು ಹೊರಗೆ ಕರೆದುಕೊಂಡು ಹೋಗಬಹುದಿತ್ತು. ಓನ್ಸಿಯ ಸರದಿ ಏಳನೆಯದು, ಬೇಕಾದಷ್ಟು ಹೊತ್ತಿತ್ತು. ಪಕ್ಕದಲ್ಲಿ ಸೊಮ್ದಿ ಮೇಷ್ಟ್ರು ಬೇರೆ ಶಾಲೆಯವರಿಗೆ, "ನಮ್ಮ ಹುಡುಗಿ ನೋಡ್ತಿರಿ" ಎಂದು ಹೇಳುತ್ತಿದ್ದರು. ಒಂದು ವೇಳೆ ಓದಿಬಿಟ್ಟರೆ? ಒಂದು ವೇಳೆ ತನ್ನ ಅನುಮಾನವೇ ಸುಳ್ಳಾದರೆ? ಈ ಒಂದು ವೇಳೆಯನ್ನು ಹಿಡಿದುಕೊಂಡೇ ಬುವಾಲಿ ಕುರ್ಚಿಯಲ್ಲಿ ಉಳಿದಳು.

ಓನ್ಸಿಯನ್ನು ಕರೆದರು. ಹೊಸ ಲಂಗ ಎತ್ತಿ ಹಿಡಿದು ಮೆಟ್ಟಿಲು ಹತ್ತಿದಳು. ಅವಳ ಕೈಗೆ ಬಂದದ್ದು ಸಂತೆಗೆ ಹೋದ ಕೋತಿಯ ಪುಸ್ತಕ. ಹುಡುಗಿ ಅದನ್ನು ಎದೆಗೆ ಆನಿಸಿ, ಚಿತ್ರ ಜನರ ಕಡೆ ಮಾಡಿ ಹಿಡಿದು, ಬುವಾಲಿಯನ್ನು ಹುಡುಕಿ ನೋಡಿ ನಕ್ಕಳು. ನಗುತ್ತಲೇ ಕಾದಳು.

"ಓದಮ್ಮ" ಎಂದರು ಅಧಿಕಾರಿ.

ಓನ್ಸಿ ಬುವಾಲಿಯ ಕಡೆಯೇ ನೋಡುತ್ತ, ಮೈಕಿನಲ್ಲಿ ಇಡೀ ಸಭೆಗೆ ಕೇಳುವ ಹಾಗೆ, "ಟೀಚರಮ್ಮಾ, ಮೊದಲು ನೀವು ಹೇಳಿ" ಎಂದಳು.

ಸಭೆಯಲ್ಲಿ ನಗು ಎದ್ದಿತು. "ಟೀಚರಮ್ಮ ಆಗಲೇ ಪಾಸಾಗಿದಾರೆ ಮಗಳೇ, ನೀನು ಓದು" ಎಂದು ಅಧಿಕಾರಿ ಅಂದಾಗ ನಗು ಇನ್ನೂ ಜೋರಾಯಿತು. ಅದು ಕೆಟ್ಟ ನಗುವೇನಲ್ಲ. ಓನ್ಸಿ ಪುಸ್ತಕ ತಿರುಗಿಸಿ ಕೋತಿಯನ್ನು ನೋಡಿದಳು, ಸಂತೆಯ ಕೊಡೆಗಳನ್ನು ನೋಡಿದಳು, ಒಂದು ಹಾಳೆ ತಿರುವಿ ಮತ್ತೆ ಹಿಂದಕ್ಕೆ ಬಂದಳು. ಅವಳ ಕುತ್ತಿಗೆಯ ನರ ಎದ್ದದ್ದು ಬುವಾಲಿಗೆ ಅಷ್ಟು ದೂರದಿಂದಲೂ ಕಂಡಿತು. ಆಮೇಲೆ ಹುಡುಗಿ ಪುಸ್ತಕವನ್ನು ಮತ್ತೆ ಎದೆಗೆ ಆನಿಸಿ, ಉಸಿರೆಳೆದು ಶುರು ಮಾಡಿದಳು.

"ಎಮ್ಮೆಗರು ಹೊಳೆಗೆ ಬಂತು. ಹೊಳೆ ತಣ್ಣಗಿತ್ತು."

ಚಿತ್ರದಲ್ಲಿ ಕೋತಿ ಬಾಳೆಹಣ್ಣು ಕದಿಯುತ್ತಿತ್ತು. ಒಂದು ಗಳಿಗೆ ಯಾರಿಗೂ ಏನೆಂದು ತಿಳಿಯಲಿಲ್ಲ. ಓನ್ಸಿ ಬೆರಳಿನಿಂದ ಇಲ್ಲದ ಕನ್ನಡಕ ಮೇಲೆ ತಳ್ಳಿ ಹಾಳೆ ತಿರುವಿದಳು. "ಹೊಳೆ ಕೇಳಿತು, ಏ ಕರು, ಯಾಕೆ ನಿಂತೆ?" ಈ ಹಾಳೆಯಲ್ಲಿ ಕೋತಿಯ ಹಿಂದೆ ಮೀನು ಮಾರುವವಳು ಪೊರಕೆ ಹಿಡಿದು ಓಡುತ್ತಿದ್ದಳು. ಆಗ ಸಭೆ ಬಿದ್ದು ಬಿದ್ದು ನಕ್ಕಿತು. ಮಕ್ಕಳು ಬೆಂಚಿನ ಮೇಲೆ ಹತ್ತಿ ನೋಡಿದರು.

ಆ ನಗು ಕೇಳಿ ಓನ್ಸಿಯ ಮುಖ ಅರಳಿತು. ಗ್ರಂಥಾಲಯದಲ್ಲೂ ಹೊಳೆ ಮಾತಾಡುವ ಜಾಗಕ್ಕೆ ಬಂದಾಗ ಮಕ್ಕಳು ನಗುತ್ತಿದ್ದರು. ಓದು ಸರಿಯಾಗಿ ಸಾಗಿದೆ ಎಂದುಕೊಂಡಳು ಹುಡುಗಿ. ದನಿ ಏರಿಸಿದಳು. ಕರು ನೀರಿಗೆ ಇಳಿಯುವ ಜಾಗವನ್ನು ಅಜ್ಜಿಗೆ ಕೇಳಿಸಲೆಂದು ಕಿರುಚಿ ಹೇಳಿದಳು. ಒಂದು ಮಾತೂ ತಪ್ಪಲಿಲ್ಲ. ಬುವಾಲಿ ತನ್ನದೇ ದನಿ, ತನ್ನದೇ ಎಳೆತ, ತನ್ನದೇ ಠೀವಿ ಆ ಸಣ್ಣ ಬಾಯಿಂದ ಬರುವುದನ್ನು ಕೇಳುತ್ತ, ನೆಲ ಬಾಯಿ ಬಿಡಬಾರದೇ ಎಂದು ಕೂತಿದ್ದಳು.

ಕೊನೆಗೆ ಅಧಿಕಾರಿ ಕೈಚಾಚಿ ಪುಸ್ತಕ ಇಸಿದುಕೊಂಡರು. "ಸಾಕಮ್ಮ. ಇದರಲ್ಲಿ ಅದೆಲ್ಲ ಇಲ್ಲ. ಇದರಲ್ಲಿ ಬರೆದಿರೋದು ಬೇರೆ" ಎಂದರು. ಆಮೇಲೆ ಸಭೆಯ ಕಡೆ ತಿರುಗಿ ಕೇಳಿದರು: "ಯಾವ ಶಾಲೆ? ಯಾರು ಕಲಿಸಿದ್ದು ಈ ಮಗುಗೆ?"

ಬುವಾಲಿ ಏಳಬೇಕಿತ್ತು. ಕಲಿಸಿದ್ದು ನಾನು, ಹುಡುಗಿಯದೇನೂ ತಪ್ಪಿಲ್ಲ, ಹೇಳಿಕೊಟ್ಟದ್ದನ್ನು ಹೇಳಿಕೊಟ್ಟ ಹಾಗೇ ಮಾಡಿದ್ದಾಳೆ ಎನ್ನಬೇಕಿತ್ತು. ಎದ್ದದ್ದು ಸೊಮ್ದಿ ಮೇಷ್ಟ್ರು. ಮುಖ ಕೆಂಪಗೆ ಮಾಡಿಕೊಂಡು ಅವರು, "ಗುಡ್ಡದ ಮಕ್ಕಳು ಸಾರ್. ಮನೇಲಿ ಲಾವೋ ಆಡಲ್ಲ. ನಾವು ಎಷ್ಟು ಹೇಳ್ಕೊಟ್ರೂ ಅಷ್ಟೇ" ಎಂದರು. ಮೈಕಿನ ಪಕ್ಕದಲ್ಲಿ ನಿಂತಿದ್ದ ಓನ್ಸಿ ಬುವಾಲಿಯನ್ನು ನೋಡಿದಳು. ಬುವಾಲಿ ತನ್ನ ಮಣಿಕಟ್ಟಿನ ನೂಲು ನೋಡುತ್ತಿದ್ದಳು. ಹುಡುಗಿಯ ನಗು ಆಗ ಹೋಯಿತು.

ವಾಪಸು ದೋಣಿಯಲ್ಲಿ ಮೇಷ್ಟ್ರು ಟೋಪಿ ಮುಖಕ್ಕೆ ಮುಚ್ಚಿಕೊಂಡು ಮಲಗಿದ್ದರು. ಓನ್ಸಿ ಮೆಲ್ಲಗೆ ಬುವಾಲಿಯ ಹತ್ತಿರ ಸರಿದಳು.

"ಟೀಚರಮ್ಮಾ, ಉಳಿದೋರಿಗೆ ಯಾರು ಮೊದಲು ಹೇಳ್ಕೊಟ್ರು?"

"ಯಾರೂ ಹೇಳ್ಕೊಡಲಿಲ್ಲ ಮಗಾ."

"ಮತ್ತೆ ಅವ್ರಿಗೆ ಹೆಂಗೆ ಗೊತ್ತಾಯ್ತು, ಕೋತಿ ಏನಂತು ಅಂತ?"

"ಅಕ್ಷರ ನೋಡಿಕೊಂಡು."

ಹುಡುಗಿ ಯೋಚಿಸಿದಳು. ಅಕ್ಷರ ಅವಳಿಗೆ ಹೊಸದಲ್ಲ. ಅಕ್ಷರಮಾಲೆಯ ಹಾಡು ಅವಳಷ್ಟು ಚೆನ್ನಾಗಿ ಹೇಳುವವರಿಲ್ಲ, ಹಲಗೆಯ ಮೇಲಿದ್ದದ್ದನ್ನು ಅವಳಷ್ಟು ದುಂಡಗೆ ನಕಲು ಮಾಡುವವರಿಲ್ಲ. "ಅಕ್ಷರ ಬರೆಯೋಕಲ್ವಾ ಇರೋದು?" ಎಂದಳು. "ಓದೋದು ಬೇರೆ ಅಲ್ವಾ?"

ಈ ಮಗು ಯಾರಿಗೂ ಮೋಸ ಮಾಡಿರಲಿಲ್ಲ. ಓದು ಎಂದರೆ ಇದೇ ಎಂದು ತಿಳಿದು, ಇದನ್ನೇ ಜೀವ ಕೊಟ್ಟು ಮಾಡಿತ್ತು. ಓದುವುದಕ್ಕೆ ಬರುವುದಿಲ್ಲ ಎಂಬುದು ಇದೇ ಈಗ, ನಡುನೀರಿನಲ್ಲಿ, ಅದಕ್ಕೆ ತಿಳಿಯುತ್ತಿತ್ತು. ಓನ್ಸಿ ಮತ್ತೆ ಕೇಳಿದಳು: "ಹಂಗಾದ್ರೆ ನಾನು ಇಷ್ಟು ದಿನ ಏನು ಮಾಡ್ತಿದ್ದೆ?"

ಅದೇ ಅವಳು ತಾನಾಗಿ ಆಡಿದ ಕೊನೆಯ ಮಾತು.

ಶಾಲೆಗೆ ಆಮೇಲೆ ಒಂಬತ್ತು ದಿನ ಬಂದಳು. ಹುಡುಗರು, "ಏ ಕರು, ಯಾಕೆ ನಿಂತೆ?" ಎಂದು ಹಿಂದಿನಿಂದ ಕೂಗಿ ಮೂಗಿನ ಮೇಲೆ ಬೆರಳಿಟ್ಟು ಅಣಕಿಸುವರು. ಬುವಾಲಿ ಇಬ್ಬರ ಕಿವಿ ಹಿಂಡಿದಳು, ಒಬ್ಬನಿಗೆ ಬೆತ್ತ ತೋರಿಸಿದಳು. ಅದರಿಂದೇನಾಯಿತು? ಮಂಗಳವಾರದ ಓದಿನಲ್ಲಿ ಎಲ್ಲರೂ ಕೂಗುವಾಗ ಓನ್ಸಿಯ ತುಟಿ ಅಲುಗುತ್ತಿರಲಿಲ್ಲ. ಬುವಾಲಿ ಅವಳನ್ನು ಸಂಜೆ ಉಳಿಸಿಕೊಂಡು, ಪಕ್ಕದಲ್ಲಿ ಕೂರಿಸಿ, ಒಂದೊಂದೇ ಅಕ್ಷರದ ಮೇಲೆ ಬೆರಳಿಟ್ಟು ಮೊದಲಿನಿಂದ ಶುರು ಮಾಡಲು ನೋಡಿದಳು. "ಇದೇನು ಹೇಳು ಮಗಾ?" ಹುಡುಗಿ ಬೆರಳು ನೋಡುವಳು. "ಗೊತ್ತು ನಿನಗೆ. ಹಾಡಲ್ಲಿ ಬರುತ್ತಲ್ಲ?" ಹುಡುಗಿ ಬುವಾಲಿಯ ಬಾಯಿ ನೋಡುವಳು. ಬುವಾಲಿ ಹಟ ಹಿಡಿದು ಬಾಯಿ ಮುಚ್ಚಿಕೊಂಡು ಕಾಯುವಳು. ಹೊರಗೆ ಬೆಳಕು ಕಡಿಮೆಯಾಗುವ ತನಕ ಇಬ್ಬರೂ ಹಾಗೇ ಕೂತಿದ್ದ ದಿನವೂ ಇತ್ತು. ಹತ್ತನೆಯ ದಿನ ಓನ್ಸಿ ಬರಲಿಲ್ಲ.

ವಾರ ಕಳೆದ ಮೇಲೆ ಬುವಾಲಿ ಕೇರಿಗೆ ಹೋದಳು. ಅಜ್ಜಿ ಗುಡಿಸಲಿನ ಮುಂದೆ ಪೊರಕೆಹುಲ್ಲು ಬಡಿಯುತ್ತಿದ್ದಳು. ಬಾ ಎನ್ನಲಿಲ್ಲ, ಹೋಗು ಎನ್ನಲಿಲ್ಲ. ಬುವಾಲಿ ನೆಲದ ಮೇಲೆ ಕೂತು, ಇಷ್ಟು ದಿನ ಬಾಯಲ್ಲಿಟ್ಟುಕೊಂಡು ತಿರುಗಿದ ಮಾತನ್ನು ಹೇಳಿಬಿಟ್ಟಳು: "ತಪ್ಪು ನನ್ನದು ಅಜ್ಜೀ. ನಾನು ಅವಳಿಗೆ ಓದೋಕೆ ಕಲಿಸಲಿಲ್ಲ. ಬಾಯಿಪಾಠ ಮಾಡಿಸಿದೆ."

ಅಜ್ಜಿಗೆ ಅರ್ಥವಾಗಲಿಲ್ಲ. "ದಿನಾ ಸಂಜೆ ಹೇಳ್ತಿದ್ಲು. ಪುಸ್ತಕ ಇರಲಿಲ್ಲ, ಏನಿರಲಿಲ್ಲ, ಬರೀ ಬಾಯಲ್ಲಿ. ಕೇರಿ ಎಲ್ಲ ಕೂತು ಕೇಳ್ತಿತ್ತು. ಪುಸ್ತಕ ಹಿಡ್ಕೊಂಡು ಹೇಳೋದೇನು ದೊಡ್ಡದು? ಅದಕ್ಕೆ ಯಾಕೆ ನಕ್ಕರು ಅವರು?"

ಬುವಾಲಿ ಉದುರಿದ ಪೊರಕೆಹುಲ್ಲನ್ನು ಕೂಡಿಸಿ ಇಟ್ಟಳು.

"ಹೋಗಲಿ ಬಿಡು" ಎಂದಳು ಅಜ್ಜಿ. "ಈಗ ಉಣ್ಣಲ್ಲ, ಮಾತಿಲ್ಲ. ಖಮು ಮಾತೂ ಇಲ್ಲ. ಅಲ್ಲಿ ಅಷ್ಟು ಜನ ನಕ್ಕಾಗ ಅವಳ ಮೈಯಲ್ಲಿರೋ ಜೀವಗಳಲ್ಲಿ ಒಂದು ಹೆದರಿ ಅಲ್ಲೇ ಉಳಿದಿದೆ. ನಾನು ಕರೆದೆ, ಬರಲಿಲ್ಲ. ಅವಳ ಚಿಕ್ಕಪ್ಪ ಕರೆದ, ಬರಲಿಲ್ಲ. ಅದು ನಿನ್ನ ದನಿ ಹಿಡ್ಕೊಂಡು ಹೋದದ್ದು. ನೀನೇ ಕರಿಬೇಕು."

"ನಂಗೆ ಕರೆಯೋಕೆ ಬರಲ್ಲ ಅಜ್ಜೀ."

"ಅದರಲ್ಲೇನಿದೆ? ಹೆಸರು ಹಿಡಿದು ಕರಿ. ಬಂದೆಯಾ ಅಂತ ಕೇಳು. ಒಳಗಿಂದ ಅವಳು ಬಂದೆ ಅನ್ನಬೇಕು. ಅಂದ್ರೆ ಬಂತು ಅಂತ."

ಹೊತ್ತು ಮುಳುಗುವ ಮುಂಚೆ ಎಲ್ಲ ಸಿದ್ಧವಾಯಿತು. ಓನ್ಸಿಯ ರವಿಕೆ, ಬೇಯಿಸಿದ ಮೊಟ್ಟೆ, ಒಂದು ಮುದ್ದೆ ಅಂಟನ್ನ ಇಟ್ಟ ಮೊರವನ್ನು ಬುವಾಲಿಯ ಕೈಗೆ ಕೊಟ್ಟು ಕೇರಿಯ ದಾರಿಯಲ್ಲಿ ಹೊಳೆಯ ಕಡೆ ಮುಖ ಮಾಡಿ ನಿಲ್ಲಿಸಿದರು. ಹಿಂದೆ ಗುಡಿಸಲಿನೊಳಗೆ ಓನ್ಸಿಯನ್ನು ಒಲೆಯ ಪಕ್ಕ ಕೂರಿಸಿ, ಸುತ್ತ ನೆಂಟರು, ಬಂದ ಜೀವ ಮತ್ತೆ ಹೋಗದಂತೆ ಕಟ್ಟಲು, ನೂಲು ಹಿಡಿದು ಕೂತರು. ಬಾಗಿಲು ತೆರೆದೇ ಇತ್ತು.

ಬುವಾಲಿಗೆ ಈ ಜೀವ ಕರೆಯುವುದರಲ್ಲಿ ನಂಬಿಕೆ ಇತ್ತೋ ಇಲ್ಲವೋ, ಅದನ್ನು ಯೋಚಿಸುವ ಸ್ಥಿತಿಯಲ್ಲಿ ಅವಳಿರಲಿಲ್ಲ. ಆ ಹುಡುಗಿ ಒಂದು ಮಾತಾಡಿದರೆ ಸಾಕಿತ್ತು. ಬೈಗುಳವಾದರೂ ಸರಿ. ಅವಳು ಹೊಳೆಯ ಕಡೆ ತಿರುಗಿ, ಕೂಗಿದಳು: "ಓನ್ಸೀ, ಆ ಊರು ಬಿಟ್ಟು ಬಾ. ಆ ಜನರನ್ನು ಬಿಟ್ಟು ಬಾ. ನಿನ್ನ ಅಜ್ಜಿ ಇಲ್ಲಿದ್ದಾಳೆ, ನಿನ್ನ ಒಲೆ ಇಲ್ಲಿದೆ. ಬಂದೆಯಾ?"

ಒಳಗಿನಿಂದ ಉತ್ತರವಿಲ್ಲ. ಬುವಾಲಿ ನಾಲ್ಕು ಹೆಜ್ಜೆ ಹಿಂದೆ ಸರಿದು ಮತ್ತೆ ಕೂಗಿದಳು. "ಅವತ್ತು ನಾನು ಏಳಬೇಕಾಗಿತ್ತು ಮಗಾ, ಏಳಲಿಲ್ಲ. ನನ್ನ ಮೇಲೆ ಸಿಟ್ಟಿದ್ರೆ ಇರಲಿ, ಬಾ. ಬಂದೆಯಾ?" ಅಲ್ಲಿದ್ದವರು ಇಂಥ ಕರೆ ಕೇಳಿರಲಿಲ್ಲ, ಆದರೂ ತಡೆಯಲಿಲ್ಲ. ಯಾರೋ ಕೆಮ್ಮಿದರು. ಓನ್ಸಿಯ ದನಿ ಬರಲಿಲ್ಲ.

ಮೂರನೆಯದೇ ಕೊನೆಯದು. ಬುವಾಲಿ ಗುಡಿಸಲಿನ ಬಾಗಿಲಿಗೇ ಬಂದು ನಿಂತಳು. ಹುಡುಗಿ ಒಳಗೆ ಮೊಣಕಾಲು ಅಪ್ಪಿಕೊಂಡು ಕೂತಿದ್ದಳು. ಬೆನ್ನು ಈ ಕಡೆ ಇತ್ತು. "ಬಂದೆಯಾ ಓನ್ಸೀ?" ಎಂದಳು ಬುವಾಲಿ. ಹುಡುಗಿ ಮೆಲ್ಲಗೆ ತಿರುಗಿ ಅವಳ ಬಾಯನ್ನೇ ನೋಡಿದಳು. ಒಲೆಯ ಕಟ್ಟಿಗೆ ಚಟಚಟ ಎಂದಿತು. ಇನ್ನು ತಡೆಯಲಾರದೆ ಬುವಾಲಿ, ಮಂಗಳವಾರದ ತನ್ನ ದನಿಯಲ್ಲಿ, ಎಳೆದು, ತಾನೇ ಹೇಳಿಬಿಟ್ಟಳು:

"ಬಂದೆ."

"ಬಂದೆ" ಎಂದಳು ಓನ್ಸಿ.

ಅದೇ ದನಿ. ಅದೇ ಎಳೆತ. ಒಂದು ಕೂದಲಿನಷ್ಟೂ ವ್ಯತ್ಯಾಸವಿಲ್ಲ.

ಗುಡಿಸಲು ಒಂದೇ ಸಲ ಗಲಗಲ ಎಂದಿತು. "ಬಂತು, ಬಂತು!" ಎಂದು ಅಜ್ಜಿ ಅಳುತ್ತ ನಗುತ್ತ ಹುಡುಗಿಯ ಕೈ ಎಳೆದು ನೂಲು ಕಟ್ಟಿದಳು. ಚಿಕ್ಕಪ್ಪ ಕಟ್ಟಿದ, ಪಕ್ಕದ ಮನೆಯವರು ಕಟ್ಟಿದರು, ಯಾರೋ ಮೊರದಲ್ಲಿದ್ದದ್ದನ್ನೆಲ್ಲ ಎತ್ತಿಕೊಂಡು, ಮೊಟ್ಟೆ ಸುಲಿದು ಅವಳ ಅಂಗೈಯಲ್ಲಿಟ್ಟರು. ಓನ್ಸಿ ಕೇಳಿದವರಿಗೆಲ್ಲ ಕೈ ಒಡ್ಡಿದಳು. "ಬಾ ಟೀಚರಮ್ಮ, ನೀನೂ ಕಟ್ಟು, ನೀನು ಕರೆದದ್ದಕ್ಕೇ ಬಂದದ್ದು" ಎಂದು ಅಜ್ಜಿ ಒಂದು ಎಳೆ ನೂಲನ್ನು ಬುವಾಲಿಯ ಕಡೆ ಚಾಚಿದಳು. ಬುವಾಲಿ ಖಾಲಿ ಮೊರ ಹಿಡಿದುಕೊಂಡು ಹೊಸಿಲಿನ ಈಚೆಯೇ ನಿಂತಿದ್ದಳು. ಹೇಳಿಕೊಟ್ಟ ಮಾತನ್ನು ಆ ಹುಡುಗಿ ಎಷ್ಟು ಚೆನ್ನಾಗಿ ಹೇಳಬಲ್ಲಳು ಎಂದು ಅಲ್ಲಿದ್ದವರಲ್ಲಿ ಗೊತ್ತಿದ್ದದ್ದು ಅವಳೊಬ್ಬಳಿಗೇ.